ಕಿರಣ ಬಿದ್ದದ್ದು ಒಂದು ಕೋಶಕ್ಕೆ, ಪೆಟ್ಟು ಪಕ್ಕದ ಕೋಶಕ್ಕೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ರೇಡಿಯೇಷನ್ ಬಗ್ಗೆಯೇ. ಕಿರಣ ಬೀಳದ ಕೋಶಗಳೂ ಹಾಳಾಗುತ್ತವೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ, ಅದನ್ನು ನೋಡಿ ಗಾಬರಿಯಾಗಿ ಬರೆದವರು ಜಾಸ್ತಿ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಇದೊಂದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ನಾನು ಕ್ಯಾನ್ಸರ್ ಆಸ್ಪತ್ರೆಯೊಂದರ ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವವಳು. ಹೊರಗಡೆ ಬೆಂಚಿನ ಮೇಲೆ ಕಾಯುತ್ತಾ ಕೂತ ಮನೆಯವರು ದಿನಾ ಕೇಳುವುದೂ ಇವನ್ನೇ.

ಪ್ರಶ್ನೆ: ನಮ್ಮ ಅಮ್ಮನಿಗೆ ಸ್ತನ ಕ್ಯಾನ್ಸರ್. ಗಂಟು ಮಾತ್ರ ತೆಗೆದಿದ್ದಾರೆ, ಈಗ ಕರೆಂಟ್ (ರೇಡಿಯೇಷನ್) ಕೊಡಬೇಕು, 15 ಸಿಟ್ಟಿಂಗ್ ಅಂತ ಹೇಳಿದ್ದಾರೆ. ಕಿರಣ ಬೀಳದ ಒಳ್ಳೆಯ ಕೋಶಗಳೂ ಹಾಳಾಗುತ್ತವೆ ಅಂತ ಓದಿದೆ. ಹಾಗಾದರೆ ಚೆನ್ನಾಗಿರುವ ಮೈಯನ್ನು ನಾವೇ ಕೆಡಿಸಿದ ಹಾಗಾಗಲ್ವಾ? (ಹಾವೇರಿಯ ಓದುಗರು)

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಅದನ್ನು ನಂಬಿಕೊಂಡು ಚಿಕಿತ್ಸೆ ಬೇಡ ಅನ್ನುವ ಯೋಚನೆ ಬಂದಿದ್ದರೆ ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕಿರಣ ನೇರವಾಗಿ ಬಿದ್ದ ಕೋಶದ ವಿಷಯ. ಎಕ್ಸ್-ರೇ ಕೋಶದೊಳಗೆ ನುಗ್ಗಿದಾಗ ದಾರಿಯಲ್ಲಿ ಸಿಕ್ಕ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತದೆ. ಕಿತ್ತು ಬಂದ ಎಲೆಕ್ಟ್ರಾನ್ ಕೆಲವು ಸಲ ಸೀದಾ ಡಿಎನ್ಎಗೇ ಹೊಡೆಯುತ್ತದೆ. ಜಾಸ್ತಿ ಸಲ ಹೊಡೆತ ಬೀಳುವುದು ನೀರಿಗೆ, ಕೋಶದಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ. ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ಎಂಬ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಇದು ಎಷ್ಟು ಉಗ್ರ ಅಂದರೆ ಕೈಗೆ ಸಿಕ್ಕಿದ್ದನ್ನು ಕಚ್ಚದೆ ಬಿಡುವುದಿಲ್ಲ, ಪಕ್ಕದಲ್ಲಿ ಡಿಎನ್ಎ ಇದ್ದರೆ ಅದನ್ನೇ ಕತ್ತರಿಸುತ್ತದೆ. ಎಕ್ಸ್-ರೇ, ಗಾಮಾ ಕಿರಣಗಳಿಂದ ಡಿಎನ್ಎಗೆ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕ ಬರುವಂಥದ್ದು.

ಕಿರಣದ ಡೋಸನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಗ್ರೇ ಬಿದ್ದರೆ ಒಂದೊಂದು ಕೋಶದಲ್ಲೂ ಡಿಎನ್ಎಯ ಒಂದೇ ಎಳೆ ತುಂಡಾದ ಜಾಗಗಳು ಸುಮಾರು 1000 ಇರುತ್ತವೆ, ಎರಡೂ ಎಳೆ ಒಟ್ಟಿಗೆ ತುಂಡಾದ ಜಾಗಗಳು ಸುಮಾರು 40. ಆ ಸಾವಿರವನ್ನು ಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಉಸಿರಾಡುತ್ತಾ, ಉಣ್ಣುತ್ತಾ ಸುಮ್ನೆ ಇದ್ದರೂ ನಮ್ಮ ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಸಣ್ಣ ಪೆಟ್ಟುಗಳು ಆಗುತ್ತಲೇ ಇರುತ್ತವೆ, ಒಂದು ಎಳೆ ಹೋದರೆ ಇನ್ನೊಂದನ್ನು ನೋಡಿಕೊಂಡು ಹೊಲಿಯಬಹುದು. ಕಷ್ಟ ಇರುವುದು ಎರಡೂ ಎಳೆ ಹೋದ ಆ 40 ಜಾಗಗಳಲ್ಲಿ. ನೋಡಿಕೊಳ್ಳಲು ಮಾದರಿಯೇ ಇರುವುದಿಲ್ಲ. ತುಂಡುಗಳು ತಪ್ಪು ಜಾಗಕ್ಕೆ ಅಂಟಿಕೊಂಡರೆ ಕೋಶ ಮುಂದೆ ಎರಡಾಗಲು ಹೋದಾಗ ಸಾಯುತ್ತದೆ, ಇಲ್ಲವೇ ತಪ್ಪನ್ನು ಹೊತ್ತುಕೊಂಡೇ ಬದುಕುತ್ತದೆ.

ಅಮ್ಮನ ಚಿಕಿತ್ಸೆಯನ್ನು ಒಂದೇ ಏಟಿಗೆ ಮುಗಿಸದೆ 15 ಸಿಟ್ಟಿಂಗ್ ಮಾಡುವುದು ಈ ಕಾರಣಕ್ಕೇ. ಒಟ್ಟು 40 ಗ್ರೇಯನ್ನು 15 ಸಲಕ್ಕೆ ಹಂಚುವುದು ಈಗ ಸ್ತನದ ಚಿಕಿತ್ಸೆಯಲ್ಲಿ ರೂಢಿ. ಇವತ್ತು ಬಿದ್ದ ಪೆಟ್ಟನ್ನು ಒಳ್ಳೆಯ ಕೋಶ ಕೆಲವೇ ಗಂಟೆಗಳಲ್ಲಿ ಬಹುಪಾಲು ಸರಿಮಾಡಿಕೊಂಡು ನಾಳೆಗೆ ತಯಾರಾಗಿರುತ್ತದೆ. ಕ್ಯಾನ್ಸರ್ ಕೋಶದಲ್ಲಿ ರಿಪೇರಿ ಮಾಡುವ ವ್ಯವಸ್ಥೆಯೇ ಎಷ್ಟೋ ಸಲ ಕೆಟ್ಟಿರುತ್ತದೆ, ಮೇಲಾಗಿ ಅದಕ್ಕೆ ತಾಳ್ಮೆ ಇಲ್ಲ, ಪೆಟ್ಟು ವಾಸಿಯಾಗುವ ಮೊದಲೇ ಎರಡಾಗಲು ಹೊರಡುತ್ತದೆ.

ಈಗ ಪಕ್ಕದ ಕೋಶದ ವಿಷಯಕ್ಕೆ ಬರೋಣ. ಪೆಟ್ಟು ತಿಂದ ಕೋಶ ತನ್ನ ಸುತ್ತಲಿನ ಕೋಶಗಳಿಗೆ ಸಂದೇಶ ಕಳಿಸುತ್ತದೆ, ಅದು ಮುಟ್ಟಿದ ಕೆಲವು ಕೋಶಗಳಲ್ಲೂ ಡಿಎನ್ಎ ಹಾನಿ ಕಾಣುತ್ತದೆ. ಇದು ನಿಜ. ವಿಜ್ಞಾನಿಗಳು ಇದನ್ನು ಬೈಸ್ಟ್ಯಾಂಡರ್ ಎಫೆಕ್ಟ್ ಅನ್ನುತ್ತಾರೆ. ಆದರೆ ಎಷ್ಟು ದೂರದವರೆಗೆ? ಮನುಷ್ಯರ ಚರ್ಮದ ಕೋಶಗಳಿಂದಲೇ ಪದರ ಪದರವಾಗಿ ಬೆಳೆಸಿದ ಚರ್ಮದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು, 2005ರಲ್ಲಿ ಪ್ರಕಟವಾಯಿತು. ಚರ್ಮದ ಒಂದು ತೆಳುವಾದ ಗೆರೆಗೆ ಮಾತ್ರ ಕಿರಣ ಬಿಟ್ಟು ಅಕ್ಕಪಕ್ಕ ನೋಡಿದಾಗ ಪರಿಣಾಮ ಕಂಡದ್ದು ಸುಮಾರು 1 ಮಿಲಿಮೀಟರ್ ದೂರದವರೆಗೆ. ನಾವು ಪ್ಲಾನ್ ಮಾಡುವಾಗ ಗುರಿಯ ಸುತ್ತ ಅದಕ್ಕಿಂತ ಎಷ್ಟೋ ಜಾಸ್ತಿ ಅಂಚು ಬಿಟ್ಟುಕೊಂಡೇ ಗೆರೆ ಎಳೆಯುತ್ತೇವೆ, ಅಂದರೆ ಆ ಹತ್ತಿರದ ಪಕ್ಕದ ಕೋಶಗಳು ಹೇಗೂ ಕಿರಣ ಬೀಳುವ ಜಾಗದಲ್ಲೇ ಇರುತ್ತವೆ. ಜೊತೆಗೆ ಇನ್ನೊಂದು ಮಾತು. ಈ ಪರಿಣಾಮ ತುಂಬಾ ಕಡಿಮೆ ಡೋಸಿನಲ್ಲೇ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತುಬಿಡುತ್ತದೆ, ಡೋಸ್ ಹೆಚ್ಚಿಸಿದಷ್ಟೂ ಹೆಚ್ಚುತ್ತಾ ಹೋಗುವುದಿಲ್ಲ. ಚಿಕಿತ್ಸೆಯ ಡೋಸಿನಲ್ಲಿ ನೇರ ಪೆಟ್ಟಿನ ಮುಂದೆ ಅದರ ಪಾಲು ಸಣ್ಣದು.

ಇನ್ನೊಂದು ತಕ್ಕಡಿಯಲ್ಲಿ ಏನಿದೆ ಅದನ್ನೂ ನೋಡಿ. ಗಂಟು ಮಾತ್ರ ತೆಗೆಸಿಕೊಂಡ 10,801 ಮಹಿಳೆಯರ ಮಾಹಿತಿಯನ್ನು ಒಟ್ಟು ಹಾಕಿ 2011ರಲ್ಲಿ ಪ್ರಕಟಿಸಿದರು. ರೇಡಿಯೇಷನ್ ಪಡೆಯದವರಲ್ಲಿ 10 ವರ್ಷದೊಳಗೆ ಕ್ಯಾನ್ಸರ್ ಮರಳಿದ್ದು 35%, ಪಡೆದವರಲ್ಲಿ 19.3%. ಪಕ್ಕದ ಕೋಶ, ಎದುರಿನ ಕೋಶ, ಆಮೇಲೆ ಬರಬಹುದಾದ ತೊಂದರೆ ಎಲ್ಲವೂ ಸೇರಿದ ನಿಜವಾದ ಹೆಂಗಸರ ಮೈಯಲ್ಲೇ ಬಂದ ಲೆಕ್ಕ ಇದು. ಅಮ್ಮನನ್ನು ಒಂದು ದಿನವೂ ತಪ್ಪಿಸದೆ ಕರೆದುಕೊಂಡು ಹೋಗಿ. ಎದೆಯ ಮೇಲೆ ಬರೆದಿರುವ ಗುರುತಿನ ಗೆರೆಗಳನ್ನು ಸೋಪು ಹಾಕಿ ಉಜ್ಜಬೇಡಿ, ದಿನಾ ಅದೇ ಜಾಗಕ್ಕೆ ಕಿರಣ ಬೀಳಲು ನಮಗೆ ಅವೇ ಆಧಾರ.

ಪ್ರಶ್ನೆ: ಕಿರಣ ತಾಗದ ಕೋಶಕ್ಕೆ ಹಾನಿಯಾಗಿದೆ ಅಂತ ಕಂಡುಹಿಡಿದದ್ದು ಹೇಗೆ? ಆ ಕೋಶಕ್ಕೂ ಒಂದಿಷ್ಟು ಕಿರಣ ಬಿದ್ದಿರಬಹುದಲ್ಲ? (ಶಿವಮೊಗ್ಗದ ಬಿಎಸ್ಸಿ ವಿದ್ಯಾರ್ಥಿನಿ)

ಉತ್ತರ: ತುಂಬಾ ಒಳ್ಳೆಯ ಅನುಮಾನ. ಈ ಕ್ಷೇತ್ರದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದೂ ಇದೇ ಅನುಮಾನವನ್ನು ಹೋಗಲಾಡಿಸಲು.

ಹಳೆಯ ಸುಳಿವೊಂದು 1954ರಷ್ಟು ಹಿಂದಿನದು. ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಗುಲ್ಮಕ್ಕೆ ಮಾತ್ರ ಕಿರಣ ಕೊಟ್ಟಿದ್ದರು, ಆದರೆ ಎದೆಮೂಳೆಯ ಮಜ್ಜೆಯಲ್ಲೂ ಬದಲಾವಣೆ ಕಂಡಿತು. ಆಮೇಲೆ 1960ರ ದಶಕದಲ್ಲಿ, ಕಿರಣಕ್ಕೆ ಒಳಗಾದವರ ರಕ್ತದ ಪ್ಲಾಸ್ಮಾ ತೆಗೆದು ಆರೋಗ್ಯವಂತರ ಕೋಶಗಳ ಮೇಲೆ ಹಾಕಿದರೆ ಅವುಗಳೊಳಗೆ ಡಿಎನ್ಎ ಸುತ್ತಿಕೊಂಡಿರುವ ಕಟ್ಟುಗಳಾದ ಕ್ರೋಮೋಸೋಮ್‌ಗಳು ತುಂಡಾಗುತ್ತವೆ ಅಂತ ಗೊತ್ತಾಯಿತು. ಆ ಕಾಲಕ್ಕೆ ಇದನ್ನು ಒಂದು ವಿಚಿತ್ರ ಅಂತ ಬರೆದಿಟ್ಟು ಮುಂದೆ ಹೋದರು. ಡಿಎನ್ಎಗೆ ಕಿರಣ ಬಡಿಯಬೇಕು, ಆಗ ಮಾತ್ರ ಹಾನಿ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಅದನ್ನು ಅಲುಗಾಡಿಸಿದ್ದು 1992ರ ಒಂದು ಪ್ರಯೋಗ. ಹಾರ್ವರ್ಡ್‌ನಲ್ಲಿದ್ದ ನಾಗಸಾವಾ ಮತ್ತು ಲಿಟಲ್ ಎಂಬ ಇಬ್ಬರು ಚೈನೀಸ್ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಕೋಶಗಳನ್ನು ತೆಳು ಪ್ಲಾಸ್ಟಿಕ್ ತಳದ ತಟ್ಟೆಯಲ್ಲಿ ಬೆಳೆಸಿ, ಕೆಳಗಡೆಯಿಂದ ಪ್ಲುಟೋನಿಯಂ-238ರ ಆಲ್ಫಾ ಕಣಗಳನ್ನು ಬಿಟ್ಟರು. ಆಲ್ಫಾ ಕಣವನ್ನೇ ಆರಿಸಿದ್ದರಲ್ಲಿ ಜಾಣತನ ಇದೆ. ಎಕ್ಸ್-ರೇ ಆದರೆ ಎಲ್ಲ ಕೋಶಗಳಿಗೂ ಅಷ್ಟಿಷ್ಟು ಸವರಿಕೊಂಡೇ ಹೋಗುತ್ತದೆ. ಆಲ್ಫಾ ಕಣ ಭಾರ, ಗುಂಡಿನ ಹಾಗೆ ನೇರ ಹೋಗುತ್ತದೆ, ಕೆಲವೇ ಕೋಶಗಳ ದಪ್ಪದಷ್ಟು ದೂರ ಹೋಗಿ ನಿಂತುಬಿಡುತ್ತದೆ. ಹಾಗಾಗಿ ಎಷ್ಟು ಕೋಶಗಳ ನ್ಯೂಕ್ಲಿಯಸ್ (ಡಿಎನ್ಎ ಇರುವ ನಡುಭಾಗ) ಮೂಲಕ ಅದು ಹಾದುಹೋಗಿರಬಹುದು ಅಂತ ಲೆಕ್ಕ ಹಾಕಬಹುದು. ಅವರು ಕೊಟ್ಟ ಅತಿ ಕಡಿಮೆ ಡೋಸ್ 0.31 ಮಿಲಿಗ್ರೇ. ಆ ಡೋಸಿನಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ನ್ಯೂಕ್ಲಿಯಸ್‌ಗಳಿಗೆ ಪೆಟ್ಟು ಬೀಳಬೇಕು. ಆದರೆ ಒಂದೇ ಕ್ರೋಮೋಸೋಮಿನ ಎರಡು ಪ್ರತಿಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದು, ಅಂದರೆ ಡಿಎನ್ಎಗೆ ಏನೋ ಆಗಿದೆ ಅನ್ನುವುದರ ಗುರುತು, ನೂರಕ್ಕೆ 30 ಕೋಶಗಳಲ್ಲಿ ಹೆಚ್ಚಾಗಿ ಕಂಡಿತು. ಒಂದು ಎಲ್ಲಿ, ಮೂವತ್ತು ಎಲ್ಲಿ!

ನಿಮ್ಮ ಅನುಮಾನ ಆಗಲೂ ಉಳಿಯಿತು: ಲೆಕ್ಕದಲ್ಲೇ ತಪ್ಪಿರಬಹುದಲ್ಲ? ಅದಕ್ಕೆ ಉತ್ತರ ಎರಡು ದಾರಿಯಲ್ಲಿ ಬಂತು.

ಒಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಮದರ್‌ಸಿಲ್ ಮತ್ತು ಸೀಮೋರ್ ಅವರದು, 1997ರಲ್ಲಿ. ಕೋಶಗಳನ್ನು ಬೆಳೆಸುವುದು ಪೋಷಕಾಂಶ ತುಂಬಿದ ಒಂದು ದ್ರವದಲ್ಲಿ. ಮನುಷ್ಯರ ಕೋಶಗಳಿಗೆ ಗಾಮಾ ಕಿರಣ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಆ ದ್ರವವನ್ನು ಮಾತ್ರ ಸೋಸಿ ತೆಗೆದು, ಕಿರಣದ ಹತ್ತಿರವೂ ಸುಳಿಯದ ಬೇರೆ ತಟ್ಟೆಯ ಕೋಶಗಳಿಗೆ ಹಾಕಿದರು. ಅಲ್ಲೂ ಕೋಶಗಳು ಸತ್ತವು. ದ್ರವಕ್ಕೇ ಕಿರಣ ಬಿದ್ದು ಅದು ವಿಷವಾಗಿರಬಹುದು ಅಂದುಕೊಂಡು, ಕೋಶಗಳೇ ಇಲ್ಲದ ಬರೀ ದ್ರವಕ್ಕೆ ಕಿರಣ ಬಿಟ್ಟು ಹಾಕಿ ನೋಡಿದರು. ಏನೂ ಆಗಲಿಲ್ಲ. ಅಂದರೆ ಪೆಟ್ಟು ತಿಂದ ಕೋಶವೇ ಏನನ್ನೋ ದ್ರವಕ್ಕೆ ಬಿಡುತ್ತಿದೆ ಅಂತಾಯಿತು. ಒಬ್ಬರ ಮನೆಯಲ್ಲಿ ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಸೀದರೆ ಒಲೆಯನ್ನೇ ಹಚ್ಚದ ಪಕ್ಕದ ಮನೆಯವರೂ ಕೆಮ್ಮುತ್ತಾರಲ್ಲ, ಹಾಗೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಪ್ರಯೋಗ ಇದು. ದೊಡ್ಡ ಯಂತ್ರ ಬೇಕಿಲ್ಲ, ಏನನ್ನು ಎಲ್ಲಿಂದ ಎಲ್ಲಿಗೆ ಸುರಿಯಬೇಕು ಎಂಬ ಯೋಚನೆ ಸರಿಯಾಗಿದ್ದರೆ ಸಾಕು.

ಎರಡನೆಯದಕ್ಕೆ ದೊಡ್ಡ ಯಂತ್ರವೇ ಬೇಕಾಯಿತು, ಮೈಕ್ರೋಬೀಮ್ ಅಂತ. ಇಂಗ್ಲೆಂಡಿನ ಗ್ರೇ ಲ್ಯಾಬೊರೇಟರಿಯಲ್ಲೂ ಕೊಲಂಬಿಯಾದಲ್ಲೂ ಕಟ್ಟಿದರು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಇದೇ ಕೋಶ ಅಂತ ಆರಿಸಿ, ಅದೊಂದಕ್ಕೇ ಎಣಿಸಿದಷ್ಟು ಕಣಗಳನ್ನು ಹೊಡೆಯಬಹುದು. ಗ್ರೇ ಲ್ಯಾಬಿನವರು ಗುರಿಯಿಟ್ಟು ಬೆರಳೆಣಿಕೆಯ ಕೋಶಗಳಿಗೆ ಮಾತ್ರ ಹೀಲಿಯಂ ಕಣ ಹೊಡೆದು, ಪೆಟ್ಟು ಬೀಳದ ಸುತ್ತಲಿನ ಕೋಶಗಳಲ್ಲೂ ಹಾನಿ ಹೆಚ್ಚಾದದ್ದನ್ನು ತೋರಿಸಿದರು. ಕೊಲಂಬಿಯಾದವರು 1999ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನ್ಯೂಕ್ಲಿಯಸ್ಸನ್ನು ಬಿಟ್ಟು ಹೊರಗಿನ ಸೈಟೋಪ್ಲಾಸಂಗೆ ಮಾತ್ರ ಹೊಡೆದರು. ಆಗಲೂ ಜೀನ್‌ಗಳಲ್ಲಿ ಮ್ಯುಟೇಷನ್, ಅಂದರೆ ಬರಹದ ತಪ್ಪು, ಬಂತು! ಡಿಎನ್ಎಗೆ ಬಡಿದರೆ ಮಾತ್ರ ಹಾನಿ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ಸಂದೇಶ ಹೋಗುವುದು ಹೇಗೆ? ಮೇಲೆ ಹೇಳಿದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಪಕ್ಕದ ಕೋಶದವರೆಗೆ ಹೋಗಲಾರದು, ಅದರ ಆಯುಷ್ಯವೇ ನ್ಯಾನೋಸೆಕೆಂಡುಗಳಲ್ಲಿ, ಓಡುವ ದೂರ ಕೆಲವು ನ್ಯಾನೋಮೀಟರ್. ಕೋಶದ ಅಗಲ ಅದಕ್ಕಿಂತ ಸಾವಿರಾರು ಪಟ್ಟು. ಹಾಗಾಗಿ ಬೇರೆ ದೂತರು ಬೇಕು. ಒಂದಕ್ಕೊಂದು ಅಂಟಿಕೊಂಡ ಕೋಶಗಳ ನಡುವೆ ಗ್ಯಾಪ್ ಜಂಕ್ಷನ್ ಎಂಬ ಸಣ್ಣ ಕೊಳವೆಗಳಿರುತ್ತವೆ, ಚಿಕ್ಕ ಅಣುಗಳು ಅದರೊಳಗಿಂದಲೇ ಆಚೆ ದಾಟುತ್ತವೆ. ಹಿಂದೆ ಕೀಟನಾಶಕವಾಗಿ ಹೊಡೆಯುತ್ತಿದ್ದ ಲಿಂಡೇನ್‌ಗೆ ಈ ಕೊಳವೆಗಳನ್ನು ಮುಚ್ಚುವ ಗುಣ ಇದೆ. ಪ್ರಯೋಗದ ತಟ್ಟೆಗೆ ಅದನ್ನು ಹಾಕಿದಾಗ ಪಕ್ಕದ ಕೋಶಗಳಿಗೆ ಆಗುವ ಹಾನಿ ತುಂಬಾ ಇಳಿಯಿತು. ಅಂಟಿಕೊಂಡಿರದ ಕೋಶಗಳಿಗೆ ದೂತರು ದ್ರವದ ಮೂಲಕ ಹೋಗುತ್ತಾರೆ: ನೈಟ್ರಿಕ್ ಆಕ್ಸೈಡ್, ಟಿಎನ್ಎಫ್, ಟಿಜಿಎಫ್-ಬೀಟಾ, ಇಂಟರ್‌ಲ್ಯೂಕಿನ್-8 ಇಂಥವು. ಗಾಯ, ಊತ, ಜ್ವರದ ಕೆಲಸಕ್ಕೆ ದೇಹ ಮೊದಲಿನಿಂದಲೂ ಬಳಸುವ ಅಣುಗಳೇ ಇವು. ಇವು ತಲುಪಿದ ಕೋಶದಲ್ಲಿ ಕಾಕ್ಸ್-2 ಎಂಬ ಕಿಣ್ವ ಹೆಚ್ಚುತ್ತದೆ, ಕೋಶಕ್ಕೆ ಶಕ್ತಿ ಮಾಡಿಕೊಡುವ ಮೈಟೋಕಾಂಡ್ರಿಯ ಕೆಣಕಿದಂತಾಗಿ ಕೋಶ ತನ್ನೊಳಗೇ ಆಕ್ಸಿಜನ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿಕೊಳ್ಳಲು ಶುರು ಮಾಡುತ್ತದೆ. ಅಂದರೆ ಪಕ್ಕದ ಕೋಶದ ಡಿಎನ್ಎಯನ್ನು ಕೆಡಿಸುವುದು ಆ ಕೋಶದ್ದೇ ಕೈ. ಅದಕ್ಕೇ ಹಾನಿಯ ಗುರುತೂ ಬೇರೆ. ನೇರ ಪೆಟ್ಟು ತಿಂದ ಕೋಶದಲ್ಲಿ ದೊಡ್ಡ ದೊಡ್ಡ ತುಂಡುಗಳೇ ಹಾರಿಹೋಗಿರುತ್ತವೆ, ಪಕ್ಕದ ಕೋಶದಲ್ಲಿ ಹೆಚ್ಚಾಗಿ ಒಂದೊಂದು ಅಕ್ಷರ ತಪ್ಪಿದಂಥ ಸಣ್ಣ ಮ್ಯುಟೇಷನ್‌ಗಳು.

ತಟ್ಟೆಯಲ್ಲಿ ಆಯಿತು, ಜೀವಂತ ಪ್ರಾಣಿಯಲ್ಲಿ? ಇಟಲಿಯವರು 2008ರಲ್ಲಿ ಮಿದುಳಿನ ಗೆಡ್ಡೆ ಬೇಗ ಬರುವಂಥ ಜೀನ್ ದೋಷವಿದ್ದ ಇಲಿಮರಿಗಳ ತಲೆಗೆ ಸೀಸದ ಮರೆ ಕಟ್ಟಿ, ಮೈಗೆ ಮಾತ್ರ ಎಕ್ಸ್-ರೇ ಕೊಟ್ಟರು. ಮರೆಯಲ್ಲಿದ್ದ ಮಿದುಳಿನಲ್ಲೂ ಡಿಎನ್ಎ ಹಾನಿ ಕಂಡಿತು, ಗೆಡ್ಡೆಗಳೂ ಹೆಚ್ಚಾದವು. ನೆನಪಿಡಿ, ಅವು ಮೊದಲೇ ಜೀನ್ ದೋಷವಿದ್ದ, ಹುಟ್ಟಿ ಎರಡೇ ದಿನವಾದ ಮರಿಗಳು. ಆ ಫಲಿತಾಂಶವನ್ನು ಹಾಗೇ ತಂದು ದೊಡ್ಡ ಮನುಷ್ಯರಿಗೆ ಅಂಟಿಸಲು ಬರುವುದಿಲ್ಲ. ರೇನ್‌ಬೋ ಟ್ರೌಟ್ ಎಂಬ ಮೀನಿನಲ್ಲಂತೂ, ಕಿರಣ ಪಡೆದ ಮೀನಿನ ಜೊತೆ ಒಂದೇ ನೀರಲ್ಲಿ ಈಜಿದ ಮೀನಿನ ಅಂಗಾಂಶಗಳಲ್ಲೂ ಇಂಥ ಸಂದೇಶ ಸಿಕ್ಕಿದೆ, ಅದೂ ಮದರ್‌ಸಿಲ್ ತಂಡದ್ದೇ ಕೆಲಸ, 2006ರದು. ನಿಮಗೆ ಎಂಎಸ್ಸಿಗೆ ವಿಷಯ ಆರಿಸುವ ಹೊತ್ತು ಬಂದಾಗ ಇದನ್ನು ಯೋಚಿಸಿ, ಇನ್ನೂ ಮಾಡುವುದು ಬೇಕಾದಷ್ಟಿದೆ.

ಪ್ರಶ್ನೆ: ಅಪ್ಪನಿಗೆ ಬಾಯಿ ಕ್ಯಾನ್ಸರ್. ರೇಡಿಯೇಷನ್ ಶುರುವಾದಾಗ ಏನೂ ಆಗಲಿಲ್ಲ, ಮೂರನೇ ವಾರ ಬಾಯಿ ತುಂಬಾ ಹುಣ್ಣು. ಮುಗಿದು ವಾರವಾದರೂ ಕಡಿಮೆ ಇಲ್ಲ. ಡೋಸ್ ಜಾಸ್ತಿ ಆಗಿರಬಹುದಾ? (ಬೆಳಗಾವಿಯ ಓದುಗರು)

ಉತ್ತರ: ನೀವು ಹೇಳಿದ ಲೆಕ್ಕ ನೋಡಿದರೆ ಎಲ್ಲರಲ್ಲೂ ಆಗುವ ಹಾಗೇ ಆಗಿದೆ. ಬಾಯಿಯ ಒಳಪದರದ ಮೇಲ್ಗಡೆ ಇರುವುದು ಹೇಗೂ ಉದುರಿಹೋಗುವ ಕೋಶಗಳು, ಕಿರಣ ಅವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕೆಡುವುದು ತಳದಲ್ಲಿ ಕೂತು ಹೊಸ ಕೋಶ ಹುಟ್ಟಿಸುವ ತಾಯಿ ಕೋಶಗಳು. ಬೇಗ ಬೇಗ ಎರಡಾಗುವ ಕೋಶಗಳಿಗೇ ಕಿರಣದ ಪೆಟ್ಟು ಜಾಸ್ತಿ ಅಂತ 1906ರಲ್ಲೇ ಬರ್ಗೋನಿಯೆ ಮತ್ತು ಟ್ರಿಬೋಂಡೋ ಎಂಬ ಫ್ರೆಂಚರು ಹೇಳಿದ್ದರು. ಮೇಲಿನ ಪದರ ಸವೆಯುವವರೆಗೆ ಎಲ್ಲ ಸರಿಯಾಗೇ ಕಾಣುತ್ತದೆ, ಎರಡು ಮೂರು ವಾರಕ್ಕೆ ಸವೆದು ಮುಗಿದಾಗ ಕೆಳಗಿನಿಂದ ಹೊಸದು ಬರುವುದಿಲ್ಲ, ಹುಣ್ಣು ತೆರೆದುಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದಿಷ್ಟು ದಿನ ಜೋರಾಗೇ ಇದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ವಾಸಿಯಾಗುತ್ತಾ ಬರುತ್ತದೆ.

ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಖಾರ, ಹುಳಿ ಬೇಡ. ಗಂಜಿ, ಮೆತ್ತಗಿನ ಮೊಸರನ್ನ, ರಾಗಿ ಅಂಬಲಿ ಆರಿಸಿ ಕೊಡಿ. ತಂಬಾಕು, ಗುಟ್ಕಾ, ಎಲೆ ಅಡಿಕೆ ಯಾವುದೂ ಹತ್ತಿರ ಬರಬಾರದು. ನೀರೂ ಇಳಿಯದಷ್ಟು ನೋವಿದ್ದರೆ ಅಥವಾ ಜ್ವರ ಬಂದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಯಿ ಒಣಗುವುದು ಮಾತ್ರ ತಿಂಗಳುಗಟ್ಟಲೆ ಇರಬಹುದು, ಅದು ಎಂಜಲು ಗ್ರಂಥಿಗಳಿಗೆ ಬಿದ್ದ ಪೆಟ್ಟು.

ಸುಸ್ತು ಯಾಕೆ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಮುಖ, ಕುತ್ತಿಗೆಗೆ ಕೊಟ್ಟರೂ ಇಡೀ ಮೈ ಸೋಲುತ್ತದೆ. ಊಟ ಕಡಿಮೆಯಾಗಿರುವುದು ಒಂದು ಕಾರಣ, ಪೆಟ್ಟು ತಿಂದ ಜಾಗದಿಂದ ರಕ್ತಕ್ಕೆ ಸೇರುವ, ಮೇಲೆ ಹೇಳಿದಂಥ ದೂತ ಅಣುಗಳು ಇನ್ನೊಂದು ಕಾರಣ ಅನ್ನುತ್ತಾರೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕರೆಂಟ್ ಕೊಟ್ಟು ಬಂದಾಗಿನಿಂದ ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನನ್ನ ಮಗನನ್ನು ಅಜ್ಜಿ ಹತ್ತಿರ ಬಿಡಬೇಡ ಅನ್ನುತ್ತಾರೆ. ಕಿರಣ ಪಕ್ಕದ ಕೋಶಕ್ಕೆ ಹೋಗುತ್ತದೆ ಅಂದರೆ ಪಕ್ಕದ ಮನುಷ್ಯರಿಗೂ ಹೋಗುತ್ತದಾ? (ಬಳ್ಳಾರಿಯ ಓದುಗರು)

ಉತ್ತರ: ಇಲ್ಲ. ಹೋಗುವುದಿಲ್ಲ. ಈ ಪುಟದಲ್ಲಿ ಬೇರೆ ಏನನ್ನು ಓದದಿದ್ದರೂ ಪರವಾಗಿಲ್ಲ, ಇದನ್ನು ಮನೆಯವರಿಗೆಲ್ಲ ಓದಿ ಹೇಳಿ.

ಹೊರಗಿನ ಯಂತ್ರದಿಂದ ಕೊಡುವ ಕಿರಣ, ಅದು ಲಿನಾಕ್ ಆಗಲಿ ಕೋಬಾಲ್ಟ್ ಮೆಷಿನ್ ಆಗಲಿ, ಮೈಯೊಳಗೆ ಉಳಿಯುವುದಿಲ್ಲ. ಯಂತ್ರ ನಿಂತ ಕ್ಷಣ ಮುಗಿಯಿತು. ಅವರ ಉಸಿರಲ್ಲಿ, ಎಂಜಲಲ್ಲಿ, ಬೆವರಲ್ಲಿ, ಬಟ್ಟೆಯಲ್ಲಿ ಕಿರಣ ಇಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಒಳಗಡೆಯಿಂದಲೂ ಚಿಕಿತ್ಸೆ ಕೊಡುತ್ತಾರೆ, ಬ್ರೇಕಿಥೆರಪಿ ಅಂತ. ಸಾಮಾನ್ಯವಾಗಿ ಇರಿಡಿಯಂ-192 ಎಂಬ ಅಕ್ಕಿಕಾಳಿನಷ್ಟು ಸಣ್ಣ ಮೂಲ ತಂತಿಯ ತುದಿಯಲ್ಲಿ ಒಳಗೆ ಹೋಗಿ, ಕೆಲವು ನಿಮಿಷ ಇದ್ದು, ತಿರುಗಿ ಯಂತ್ರದ ಪೆಟ್ಟಿಗೆಗೇ ಸೇರುತ್ತದೆ. ಅದಾದ ಮೇಲೂ ಅವರಿಂದ ಯಾರಿಗೂ ಏನೂ ಬರುವುದಿಲ್ಲ. ಮೇಲೆ ಬರೆದ ಕೋಶದಿಂದ ಕೋಶಕ್ಕೆ ಹೋಗುವ ಸಂದೇಶ ಒಂದೇ ದೇಹದೊಳಗಿನ ಮಾತು. ಅದಕ್ಕೂ ತಟ್ಟೆ ಲೋಟಕ್ಕೂ ಸಂಬಂಧವೇ ಇಲ್ಲ. ಮೀನಿನ ಪ್ರಯೋಗ ನೋಡಿ ಹೆದರಬೇಡಿ, ನೀರೊಳಗೆ ಕಿವಿರುಗಳಿಂದ ಉಸಿರಾಡುವ ಪ್ರಾಣಿಯ ವಿಷಯ ಅದು, ಅಲ್ಲೂ ದಾಟಿದ್ದು ಕಿರಣವಲ್ಲ.

ದೂರ ಇರಬೇಕಾದ ಸಂದರ್ಭಗಳು ಬೇರೆ ಇವೆ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕುಡಿಸಿದರೆ ಅದು ಮೈಯೊಳಗೇ ಇದ್ದು ಕಿರಣ ಸೂಸುತ್ತದೆ, ಎಂಟು ದಿನಕ್ಕೆ ಅರ್ಧವಾಗುತ್ತದೆ. ಅವರನ್ನು ಮೊದಲು ಬೇರೆ ಕೋಣೆಯಲ್ಲಿಟ್ಟು, ಮನೆಗೆ ಕಳಿಸುವಾಗ ಎಷ್ಟು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು ಅಂತ ಆಸ್ಪತ್ರೆಯವರೇ ಹೇಳುತ್ತಾರೆ. ಪೆಟ್ ಸ್ಕ್ಯಾನ್ ಮಾಡಿಸಿದವರು ಅವತ್ತೊಂದು ದಿನ ಹುಷಾರಾಗಿದ್ದರೆ ಸಾಕು, ಅದರಲ್ಲಿ ಬಳಸುವ ಫ್ಲೋರಿನ್-18 ಎರಡು ಗಂಟೆಯೊಳಗೇ ಅರ್ಧವಾಗುತ್ತದೆ.

ನಿಮ್ಮ ಅತ್ತೆಯವರ ಚಿಕಿತ್ಸೆ ಇದ್ಯಾವುದೂ ಅಲ್ಲ. ತಟ್ಟೆ ಬೇರೆ ಮಾಡಿದ್ದು ಅವರಿಗೆ ಗೊತ್ತಾಗದೆ ಇರುವುದಿಲ್ಲ, ಬಾಯಿಬಿಟ್ಟು ಹೇಳಿರಲಾರರು ಅಷ್ಟೆ. ಮೊದಲೇ ನೋವು, ಭೇದಿ, ಸುಸ್ತು ಅಂತ ಹಣ್ಣಾಗಿರುತ್ತಾರೆ. ನಮ್ಮ ವಿಭಾಗದಲ್ಲಿ ಇದೇ ಕಾರಣಕ್ಕೆ ಅಳುವ ಹೆಂಗಸರನ್ನು ನೋಡಿದ್ದೇನೆ, ಕಾಯಿಲೆಗೆ ಅಳದವರು ಇದಕ್ಕೆ ಅಳುತ್ತಾರೆ. ಮಗನನ್ನು ಇವತ್ತೇ ಅಜ್ಜಿ ಪಕ್ಕ ಮಲಗಲು ಬಿಡಿ. ಅವನಿಗೆ ನೆಗಡಿ ಜ್ವರ ಇದ್ದಾಗ ಮಾತ್ರ ಸ್ವಲ್ಪ ದೂರ ಇರಲಿ, ಅದು ಅಜ್ಜಿಗೆ ಸೋಂಕು ತಗಲದಿರಲಿ ಅಂತ.

ಪ್ರಶ್ನೆ: ಉಳ್ಳಾಲದ ಮರಳಿನಲ್ಲಿ ಸಹಜವಾಗಿಯೇ ರೇಡಿಯೇಷನ್ ಜಾಸ್ತಿ ಅನ್ನುತ್ತಾರೆ. ಕಡಿಮೆ ಡೋಸಿನಲ್ಲೇ ಪಕ್ಕದ ಕೋಶಗಳಿಗೆ ಹಾನಿ ಅಂದ ಮೇಲೆ ನಾವು ಹೆದರಬೇಕಾ? ಸಿಟಿ ಸ್ಕ್ಯಾನ್ ಕಥೆ ಏನು? (ಮಂಗಳೂರಿನ ಓದುಗರು)

ಉತ್ತರ: ಅಲ್ಲಿನ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ, ಅದರೊಳಗೆ ಕಿರಣ ಸೂಸುವ ಥೋರಿಯಂ. ಕೇರಳದ ಕರುನಾಗಪ್ಪಳ್ಳಿ ಕರಾವಳಿಯಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿನ ಸುಮಾರು 70,000 ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ಕಿರಣ ಇರುವ ಜಾಗದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಾಣಲಿಲ್ಲ. ನನಗೆ ಧೈರ್ಯ ಕೊಡುವುದು ಈ ಲೆಕ್ಕ. ಕಡಿಮೆ ಡೋಸಿನ ಸಂದೇಶ ಯಾವಾಗಲೂ ಕೆಟ್ಟದ್ದೇ ಆಗಿರಬೇಕಿಲ್ಲ. 1984ರಲ್ಲಿ ಮನುಷ್ಯರ ಬಿಳಿ ರಕ್ತಕಣಗಳಿಗೆ ಮೊದಲು ತೀರಾ ಸ್ವಲ್ಪ ಕಿರಣ ಕೊಟ್ಟು ಆಮೇಲೆ ಜಾಸ್ತಿ ಕೊಟ್ಟಾಗ, ಕ್ರೋಮೋಸೋಮ್‌ಗಳು ಅಂದುಕೊಂಡದ್ದಕ್ಕಿಂತ ಕಡಿಮೆ ಮುರಿದವು. ಮೊದಲ ಪೆಟ್ಟಿಗೇ ಕೋಶ ರಿಪೇರಿಗೆ ಸಜ್ಜಾಗಿತ್ತು. ಪಕ್ಕದ ಕೋಶಗಳಿಗೂ ಇಂಥ ಎಚ್ಚರಿಕೆ ಹೋಗುವುದನ್ನು ಆಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಂತ ಕಿರಣ ಒಳ್ಳೆಯದು ಅಂತ ಹೇಳಿಕೊಂಡು ತಿರುಗುವವರ ಮಾತು ನಂಬಬೇಡಿ. ಮನೆಯೊಳಗೆ ಸೇರುವ ರೇಡಾನ್ ಅನಿಲವೂ ಆಲ್ಫಾ ಕಣಗಳನ್ನೇ ಬಿಡುತ್ತದೆ, ಅದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದರಲ್ಲಿ ಅನುಮಾನ ಇಲ್ಲ. ಕಿಟಕಿ ತೆಗೆದಿಡಿ, ಮನೆಯಲ್ಲಿ ಬೀಡಿ ಸಿಗರೇಟು ಬೇಡ. ಎರಡೂ ಸೇರಿದರೆ ಅಪಾಯ ತುಂಬಾ ಜಾಸ್ತಿ.

ಸಿಟಿ ಸ್ಕ್ಯಾನ್: ಪ್ರಪಂಚದಲ್ಲಿ ಸರಾಸರಿ ಒಬ್ಬರಿಗೆ ವರ್ಷಕ್ಕೆ ನೆಲ, ಆಕಾಶ, ಗಾಳಿ, ಊಟದಿಂದ ಬರುವುದು 2.4 ಮಿಲಿಸೀವರ್ಟ್ (ಮೈಗೆ ತಗಲುವ ಕಿರಣದ ಅಳತೆ). ಎದೆಯ ಒಂದು ಎಕ್ಸ್-ರೇ 0.1 ಅಥವಾ ಇನ್ನೂ ಕಡಿಮೆ. ಹೊಟ್ಟೆಯ ಸಿಟಿ ಸುಮಾರು 8ರಿಂದ 10. ಡಾಕ್ಟರು ಬೇಕು ಅಂದರೆ ಹೆದರದೆ ಮಾಡಿಸಿ. ಯಾವುದಕ್ಕೂ ಇರಲಿ ಅಂತ ನೀವಾಗಿಯೇ ಹೋಗಿ ಮಾಡಿಸಬೇಡಿ, ಮುಖ್ಯವಾಗಿ ಮಕ್ಕಳಿಗೆ. ಹಳೆಯ ಸ್ಕ್ಯಾನ್ ಫಿಲ್ಮು, ಸಿಡಿ ಜೋಪಾನ ಮಾಡಿಟ್ಟರೆ ಎಷ್ಟೋ ಸಲ ಎರಡನೆಯದು ತಪ್ಪುತ್ತದೆ.

ಪ್ರಶ್ನೆ: ಒಂದು ಕಡೆ ಕಿರಣ ಕೊಟ್ಟರೆ ಬೇರೆ ಕಡೆಯ ಗೆಡ್ಡೆಯೂ ಕರಗುತ್ತದೆ ಎಂದು ಕೇಳಿದೆ. ನಿಜವಾ? (ಕಲಬುರಗಿಯ ಓದುಗರು)

ಉತ್ತರ: ನಿಜ, ಆದರೆ ಅಪರೂಪ. 1953ರಲ್ಲೇ ಮೋಲ್ ಎಂಬ ಬ್ರಿಟಿಷ್ ವಿಜ್ಞಾನಿ ಇದಕ್ಕೆ ಆಬ್‌ಸ್ಕೋಪಲ್ ಎಫೆಕ್ಟ್ ಅಂತ ಹೆಸರಿಟ್ಟರು. 2012ರಲ್ಲಿ ನ್ಯೂಯಾರ್ಕಿನ ವೈದ್ಯರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಇಪಿಲಿಮುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ನಡೆಯುತ್ತಿದ್ದಾಗ ಬೆನ್ನುಮೂಳೆ ಹತ್ತಿರದ ಒಂದು ಗೆಡ್ಡೆಗೆ ಮಾತ್ರ ಕಿರಣ ಕೊಟ್ಟರು, ಆಮೇಲೆ ಕಿರಣ ಬೀಳದ ಬೇರೆ ಗೆಡ್ಡೆಗಳೂ ಕುಗ್ಗಿದವು. ಸಾಯುವ ಕ್ಯಾನ್ಸರ್ ಕೋಶಗಳು ಒಡೆದು ಅವುಗಳ ಗುರುತು ರೋಗನಿರೋಧಕ ಕಣಗಳಿಗೆ ಸಿಗುತ್ತದೆ, ಅವು ಹುಡುಕಿಕೊಂಡು ಹೋಗಿ ಬೇರೆ ಕಡೆಯೂ ಹೊಡೆಯುತ್ತವೆ. ದಾರಿ ಬೇರೆ, ಆದರೂ ಪೆಟ್ಟು ತಿಂದ ಕೋಶ ಸುಮ್ಮನೆ ಸಾಯುವುದಿಲ್ಲ ಅನ್ನುವುದು ಇಲ್ಲೂ ಕಾಣುತ್ತದೆ. ಇದನ್ನೇ ನಂಬಿಕೊಂಡು ಒಂದೇ ಗೆಡ್ಡೆಗೆ ಕೊಡಿಸಿ ಉಳಿದದ್ದಕ್ಕೆ ಚಿಕಿತ್ಸೆ ಬಿಡುವುದು ಮಾತ್ರ ಬೇಡ.

ಪ್ರಶ್ನೆ: ಹಾನಿ ಮಾಡುವುದು ಫ್ರೀ ರ‍್ಯಾಡಿಕಲ್ ಅಂದರೆ, ರೇಡಿಯೇಷನ್ ನಡೆಯುವಾಗ ವಿಟಮಿನ್ ಇ ಮಾತ್ರೆ ತಗೊಂಡರೆ ಒಳ್ಳೆಯದಲ್ವಾ? (ತುಮಕೂರಿನ ಓದುಗರು)

ಉತ್ತರ: ಹಾಗೇ ಅನ್ನಿಸುತ್ತದೆ, ಆದರೆ ತಗೊಳ್ಳಬೇಡಿ. ಒಳ್ಳೆಯ ಕೋಶವನ್ನು ಕಾಪಾಡುವ ಮಾತ್ರೆ ಕ್ಯಾನ್ಸರ್ ಕೋಶವನ್ನೂ ಕಾಪಾಡಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ 540 ಜನರಲ್ಲಿ ಅರ್ಧದಷ್ಟು ಜನಕ್ಕೆ ವಿಟಮಿನ್ ಇ ಕೊಟ್ಟು ನೋಡಿದರು, ಮೊದಮೊದಲು ಬೀಟಾ ಕ್ಯಾರೊಟಿನ್ ಕೂಡ ಜೊತೆಗಿತ್ತು, ಆಮೇಲೆ ನಿಲ್ಲಿಸಿದರು. ಎರಡೂ ಮಾತ್ರೆ ಒಟ್ಟಿಗೆ ಪಡೆದವರಲ್ಲಿ ಅಡ್ಡ ಪರಿಣಾಮ ಕಡಿಮೆ ಇತ್ತು, ಆದರೆ ಕ್ಯಾನ್ಸರ್ ಮರಳುವುದು ಹೆಚ್ಚಿನ ಕಡೆಗೇ ವಾಲಿತು. ಮಾತ್ರೆ ಪಡೆದ ಗುಂಪಿನಲ್ಲಿ ಮುಂದಿನ ವರ್ಷಗಳಲ್ಲಿ ಸಾವೂ ಜಾಸ್ತಿ ಆಯಿತು. ಚಿಕಿತ್ಸೆಯ ದಿನಗಳಲ್ಲೂ ಸಿಗರೇಟು ಬಿಡದವರಿಗೆ ತೊಂದರೆ ಹೆಚ್ಚು.

ಊಟದಲ್ಲಿ ಬರುವ ಸೊಪ್ಪು, ಹಣ್ಣು, ಸಾರಿನ ಅರಿಶಿನ ಇದ್ಯಾವುದಕ್ಕೂ ತಡೆಯಿಲ್ಲ, ಧಾರಾಳವಾಗಿ ತಿನ್ನಲಿ. ಬೇಡ ಅನ್ನುವುದು ಡಬ್ಬಿಯಲ್ಲಿ ಬರುವ ಜಾಸ್ತಿ ಡೋಸಿನ ಮಾತ್ರೆ, ಪುಡಿ, ಕಷಾಯಗಳನ್ನು. ಈಗಾಗಲೇ ಯಾವುದಾದರೂ ತಗೊಳ್ಳುತ್ತಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ರೇಡಿಯೇಷನ್ ಡಾಕ್ಟರಿಗೆ ತೋರಿಸಿ, ಲೇಬಲ್ ನೋಡಿ ಅವರು ಹೇಳುತ್ತಾರೆ.